ಒಂದೇ ಡಿಶ್, ಮನೆಯ ಎಲ್ಲ ಟಿವಿಗೂ ಸಿಗ್ನಲ್

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಕಡೆಯ ಕನ್ನಡಿಗರ ಮನೆಗಳಲ್ಲಿ ಈಗ ಎರಡು ಟಿವಿ ಇರುವುದು ಮಾಮೂಲು. ಹಾಲ್‌ನಲ್ಲಿ ದೊಡ್ಡದು, ಊರಿನಿಂದ ಬಂದು ಉಳಿದ ಅತ್ತೆ-ಮಾವನ ಕೋಣೆಯಲ್ಲಿ ಹಳೆಯದು. ಹೊರಗೆ ಮಕ್ಕಳಿಗೆ ಕ್ರಿಕೆಟ್ ಬೇಕು, ಒಳಗೆ ಹಿರಿಯರಿಗೆ ಚಂದನ ಬೇಕು. ಎರಡನೇ ಟಿವಿಯ ಜೊತೆಗೇ ಪ್ರಶ್ನೆಯೂ ಮನೆಗೆ ಬರುತ್ತದೆ: ಟೆರೇಸ್ ಮೇಲಿನ ಆಂಟೆನಾ ಒಂದೇ, ಅದರಿಂದ ಎರಡಕ್ಕೂ ಸಿಗ್ನಲ್ ಕೊಡಬಹುದೆ?

ಕೊಡಬಹುದು. ಎರಡಕ್ಕೇ ಏಕೆ, ನಾಲ್ಕಕ್ಕೂ ಕೊಡಬಹುದು. ಆದರೆ ಕರೆಂಟಿನ ವೈರಿಗೆ ಬೇಕಾದಲ್ಲಿ ಜಾಯಿಂಟ್ ಹಾಕಿದ ಹಾಗೆ ಆಂಟೆನಾ ಕೇಬಲ್‌ಗೆ ಹಾಕಲಾಗದು. ಕೈಯಲ್ಲಿ ಎಷ್ಟು ಸಿಗ್ನಲ್ ಇದೆ, ದಾರಿಯಲ್ಲಿ ಎಷ್ಟು ಹೋಗುತ್ತದೆ, ಹಂಚಿದ ಮೇಲೆ ಟಿವಿ ಹತ್ತಿರ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಲೆಕ್ಕ ಹಾಕದೆ ಅಂಗಡಿಗೆ ಹೋದವರು ಮೊದಲು ಸಿಗ್ನಲ್ ಹಂಚುವ ಸ್ಪ್ಲಿಟರ್ ತರುತ್ತಾರೆ, ಆಮೇಲೆ ಅದಕ್ಕೆ ಬಲ ಕೊಡುವ ಬೂಸ್ಟರ್ ತರುತ್ತಾರೆ, ಕೊನೆಗೆ ಎರಡನ್ನೂ ಅಟ್ಟಕ್ಕೆ ಹಾಕಿ ಮತ್ತೊಂದು ಕನೆಕ್ಷನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಈ ಖರ್ಚು ಬೇಕಾಗಿಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ವರ್ಲಿ ಗೋಪುರ ಮತ್ತು ಪಾರ್ಸಿಕ್ ಗುಡ್ಡ

ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ವರ್ಲಿಯಲ್ಲಿರುವ ಅದರ ಪ್ರಸಾರ ಗೋಪುರದ ಎತ್ತರ ಸುಮಾರು 300 ಮೀಟರ್. ಆ ಕಾಲದಿಂದ ಕೇಬಲ್ ಬರುವ ತನಕ ಈ ಭಾಗದ ಟೆರೇಸ್‌ಗಳಲ್ಲಿದ್ದ ಮೀನಿನ ಮುಳ್ಳಿನಾಕಾರದ ಯಾಗಿ ಆಂಟೆನಾಗಳೆಲ್ಲ ವರ್ಲಿಗೇ ಮುಖ ಮಾಡಿದ್ದವು. ಡೊಂಬಿವಲಿ, ಕಲ್ಯಾಣದವರಿಗೆ ಅದು ನೈಋತ್ಯ. ನೆರೂಲ್, ಬೇಲಾಪುರದವರಿಗೆ ಹೆಚ್ಚುಕಮ್ಮಿ ನೇರ ಪಶ್ಚಿಮ, ಖಾಡಿಯ ಆಚೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ವರ್ಲಿಯಿಂದ ವಾಶಿಗೆ ಸುಮಾರು 20 ಕಿಲೋಮೀಟರ್, ಥಾಣೆಗೆ 25, ಡೊಂಬಿವಲಿಗೆ 36, ಕಲ್ಯಾಣಕ್ಕೆ 40. ದೂರ ದೊಡ್ಡದಲ್ಲ. ತೊಂದರೆ ಕೊಟ್ಟದ್ದು ಗುಡ್ಡ. ವರ್ಲಿಯಿಂದ ಡೊಂಬಿವಲಿಗೆ ಎಳೆದ ಗೆರೆ ಪಾರ್ಸಿಕ್ ಗುಡ್ಡದ ಸಾಲನ್ನೇ ಹಾಯುತ್ತದೆ. 2022ರವರೆಗೆ ಫಾಸ್ಟ್ ಲೋಕಲ್‌ಗಳು ಸುರಂಗದಲ್ಲಿ ನುಗ್ಗುತ್ತಿದ್ದ ಅದೇ ಗುಡ್ಡ. ಒಂದೇ ಓಣಿಯಲ್ಲಿ ಒಬ್ಬರಿಗೆ ಚಿತ್ರ ಸ್ವಚ್ಛ, ಪಕ್ಕದವರಿಗೆ ಎರಡೆರಡು ನೆರಳು ಕಾಣುತ್ತಿದ್ದುದಕ್ಕೆ, ಜನ ಟೆರೇಸ್ ಮೇಲೆ ಇನ್ನೂ ಹತ್ತಡಿ ಪೈಪು ಏರಿಸುತ್ತಿದ್ದುದಕ್ಕೆ ಗುಡ್ಡವೂ ಒಂದು ಕಾರಣ.

ಆ ಕಾಲದ ಪ್ರಸಾರ ಮುಗಿದಿದೆ. ಪ್ರಸಾರ ಭಾರತಿ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಗಡಿಭಾಗದಂಥ ಆಯಕಟ್ಟಿನ ಜಾಗದ ಕೆಲವನ್ನು ಉಳಿಸಿಕೊಂಡು, ಮಿಕ್ಕವನ್ನು 2022ರ ಮಾರ್ಚ್‌ನೊಳಗೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಅಟ್ಟದ ಮೇಲಿನ ಹಳೇ ಟಿವಿಗೆ ಹಳೇ ಆಂಟೆನಾ ಸಿಕ್ಕಿಸಿದರೆ ಬರೀ ಮರಳು ಕಾಣುವುದು ಅದಕ್ಕೇ. ಟಿವಿ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಕೊಡಬೇಡಿ.

ಇನ್ನೊಂದು ದಾರಿ ಡಿವಿಬಿ-ಟಿ2 ಎಂಬ ಡಿಜಿಟಲ್ ಪ್ರಸಾರ. 2016ರ ಫೆಬ್ರವರಿಯಲ್ಲಿ ದೂರದರ್ಶನ ಇದನ್ನು 16 ನಗರಗಳಲ್ಲಿ ಆರಂಭಿಸಿತು. ಮುಂಬಯಿ, ಬೆಂಗಳೂರು ಎರಡೂ ಆ ಪಟ್ಟಿಯಲ್ಲಿದ್ದವು. ಇದು ಬೇಕೆನ್ನುವವರು ಟಿವಿಯ ಸೆಟ್ಟಿಂಗ್‌ನಲ್ಲಿ ಡಿವಿಬಿ-ಟಿ2 ಟ್ಯೂನರ್ ಇದೆಯೇ ನೋಡಿ, ಯಾರಿಂದಲಾದರೂ ಒಂದು ಯುಎಚ್ಎಫ್ ಆಂಟೆನಾ ಕೇಳಿ ತಂದು, ಟೆರೇಸ್‌ನಲ್ಲೇ ವರ್ಲಿ ಕಡೆಗೆ ಹಿಡಿದು ಸ್ಕ್ಯಾನ್ ಮಾಡಿ. ಚಾನೆಲ್ ಸಿಕ್ಕರೆ ಮಾತ್ರ ಪೈಪು, ಕೇಬಲ್‌ನ ಮಾತು. ಸಿಕ್ಕರೂ ನಾಲ್ಕೈದು ದೂರದರ್ಶನ ಚಾನೆಲ್‌ಗಳಿಗಿಂತ ಹೆಚ್ಚು ನಿರೀಕ್ಷಿಸಬೇಡಿ.

ಹಾಗಾಗಿ ನಮ್ಮ ಮನೆಗಳ ಮಟ್ಟಿಗೆ ಹಂಚಿಕೊಳ್ಳಲು ಯೋಗ್ಯವಾದ ಆಂಟೆನಾ ಎಂದರೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಇದಕ್ಕೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ಮಕ್ಕಳು ಶಾಲೆಯಲ್ಲಿ ಕಲಿಯುವ ಮರಾಠಿಗೆ ಸಹ್ಯಾದ್ರಿ ಬರುತ್ತದೆ. ಖಾಸಗಿ ಕನ್ನಡ ಧಾರಾವಾಹಿ ತಪ್ಪಿಸಿಕೊಳ್ಳಲಾಗದು ಎನ್ನುವ ಮನೆಗೆ ಇದೊಂದೇ ಸಾಲದು. ಅಂಥವರು ಹಾಲ್‌ನಲ್ಲಿ ಹಣ ಕಟ್ಟುವ ಕನೆಕ್ಷನ್ ಇಟ್ಟುಕೊಂಡು ಉಳಿದ ಕೋಣೆಗಳಿಗೆ ಫ್ರೀ ಡಿಶ್ ಕೊಡುವುದು ಲಾಭದ ಹೊಂದಾಣಿಕೆ.

ಫ್ರೀ ಡಿಶ್ ಹಂಚುವುದು ಏಕೆ ಸುಲಭ

ಟೆರೇಸ್‌ನ ತಟ್ಟೆಯ ಮುಂದೆ ಕೋಲಿನ ತುದಿಯಲ್ಲಿರುವ ಮುಷ್ಟಿ ಗಾತ್ರದ ಡಬ್ಬಿಯೇ ಎಲ್‌ಎನ್‌ಬಿ. ಉಪಗ್ರಹದಿಂದ ಬರುವ ಅತಿ ಕ್ಷೀಣ ಅಲೆಗಳನ್ನು ಹಿಡಿದು, ಬಲ ಕೊಟ್ಟು, ಕೇಬಲ್‌ನಲ್ಲಿ ಸಾಗಬಲ್ಲ ಆವರ್ತನಕ್ಕೆ ಇಳಿಸಿ ಕಳಿಸುವ ಕೆಲಸ ಅದರದು. ಅದಕ್ಕೆ ಬೇಕಾದ ವಿದ್ಯುತ್ತನ್ನು ಮನೆಯೊಳಗಿನ ಸೆಟ್ ಟಾಪ್ ಬಾಕ್ಸೇ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ಅಲೆಗಳನ್ನು ಕೊಡುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡ ಅಲೆಗಳನ್ನು. ಎರಡೂ ಬಗೆಯ ಅಲೆ ಬಳಸುವ ಸೇವೆಯಲ್ಲಿ ಒಂದೇ ಕೇಬಲನ್ನು ಎರಡು ಬಾಕ್ಸ್‌ಗೆ ಹಂಚಿದರೆ ಜಗಳ ಶುರು. ಹಾಲ್‌ನ ಬಾಕ್ಸ್ 18 ಕೇಳುತ್ತದೆ, ಕೋಣೆಯದು 13 ಕೇಳುತ್ತದೆ. ಎಲ್‌ಎನ್‌ಬಿ ಹೆಚ್ಚಿನ ವೋಲ್ಟೇಜ್ ಕೊಟ್ಟವನ ಮಾತು ಕೇಳುತ್ತದೆ. ಕೋಣೆಯಲ್ಲಿ ಅರ್ಧಕ್ಕರ್ಧ ಚಾನೆಲ್ ಮಾಯ.

ಫ್ರೀ ಡಿಶ್‌ನಲ್ಲಿ ಈ ಜಗಳವಿಲ್ಲ. ಅದು ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ; 2015ರ ನವೆಂಬರ್‌ನಲ್ಲಿ ಹಾರಿಸಿದ್ದು. ಅದರ ಫ್ರೀ ಡಿಶ್ ಚಾನೆಲ್‌ಗಳೆಲ್ಲ ಲಂಬ ಅಲೆಯಲ್ಲೇ ಇವೆ, ಎಲ್ಲವೂ 11.7 ಗಿಗಾಹರ್ಟ್ಜ್‌ಗಿಂತ ಕೆಳಗಿನ ಒಂದೇ ಪಟ್ಟಿಯಲ್ಲಿವೆ. ಎಷ್ಟು ಬಾಕ್ಸ್ ಇದ್ದರೂ ಎಲ್ಲವೂ ಕೇಳುವುದು ಅದೇ 13 ವೋಲ್ಟ್. ಆದ್ದರಿಂದ ಸಾಧಾರಣ ಒಂಟಿ ಎಲ್‌ಎನ್‌ಬಿ, ಒಂದು ಕೇಬಲ್, ಕೊನೆಗೊಂದು ಸ್ಪ್ಲಿಟರ್ ಸಾಕು. ನಾಲ್ಕು ಕೋಣೆಯಲ್ಲಿ ನಾಲ್ಕು ಬೇರೆ ಬೇರೆ ಚಾನೆಲ್ ನೋಡಬಹುದು. ಅಂಗಡಿಯವರು ನಾಲ್ಕು ಕಿವಿಯ, ಅಂದರೆ ನಾಲ್ಕು ಔಟ್‌ಪುಟ್ ಇರುವ ಎಲ್‌ಎನ್‌ಬಿ, ಮಲ್ಟಿಸ್ವಿಚ್ ಎಂದು ಪಟ್ಟಿ ಬೆಳೆಸಿದರೆ ಫ್ರೀ ಡಿಶ್ ಮಟ್ಟಿಗೆ ಬೇಡ ಎನ್ನಿ. ಪ್ರತಿ ಟಿವಿಗೆ ಒಂದು ಬಾಕ್ಸ್ ಮಾತ್ರ ಬೇಕೇ ಬೇಕು. ಹೊಸ ಟಿವಿಯೊಳಗೇ ಉಪಗ್ರಹ ಟ್ಯೂನರ್ ಇದ್ದರೆ ಅದೂ ಬೇಡ.

ಇಲ್ಲಿ ಎರಡು ಎಚ್ಚರ. ಮೊದಲನೆಯದು, ಸ್ಪ್ಲಿಟರ್ ಮೇಲೆ 5ರಿಂದ 2400 ಮೆಗಾಹರ್ಟ್ಜ್ ಎಂದು ಬರೆದಿರಬೇಕು. ಕೇಬಲ್‌ನವರು ಬಿಟ್ಟುಹೋದ 1000 ಮೆಗಾಹರ್ಟ್ಜ್‌ನ ಸ್ಪ್ಲಿಟರ್ ನೋಡಲು ಹಾಗೇ ಇರುತ್ತದೆ, ಆದರೆ ಡಿಶ್‌ಗೆ ಉಪಯೋಗವಿಲ್ಲ. ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 1200ರಿಂದ 1900 ಮೆಗಾಹರ್ಟ್ಜ್‌ನಲ್ಲಿರುತ್ತದೆ. ಎರಡನೆಯದು, ವಿದ್ಯುತ್ತು ಯಾವ ಕಿವಿಯಿಂದ ಮೇಲೆ ಹೋಗುತ್ತದೆ ಎಂಬುದು. ಒಂದೇ ಕಿವಿಯಲ್ಲಿ ಪವರ್ ಪಾಸ್ ಇರುವ ಸ್ಪ್ಲಿಟರ್ ಹಾಕಿದರೆ ಆ ಕೋಣೆಯ ಬಾಕ್ಸನ್ನು ಸ್ವಿಚ್‌ನಲ್ಲಿ ಆರಿಸಿದ ಕೂಡಲೇ ಇಡೀ ಮನೆಯ ಟಿವಿಗಳು ಸತ್ತಂತೆ. ರಾತ್ರಿ ಮಲಗುವಾಗ ಎಲ್ಲ ಸ್ವಿಚ್ ಆರಿಸುವ ಅಜ್ಜನ ಕೋಣೆಗೆ ಆ ಕಿವಿ ಬಂದರಂತೂ ದಿನಾ ರಗಳೆ. ಎಲ್ಲ ಕಿವಿಯಲ್ಲೂ ಡಯೋಡ್ ಸಹಿತ ಪವರ್ ಪಾಸ್ ಇರುವುದನ್ನೇ ಕೇಳಿ ತನ್ನಿ. ಪ್ರತಿ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಪೋಲಾರಿಟಿಯನ್ನು ಆಟೋ ಬಿಟ್ಟು ವರ್ಟಿಕಲ್‌ಗೆ ಹಾಕಿ, 22 ಕಿಲೋಹರ್ಟ್ಜ್ ಟೋನ್ ಆಫ್ ಮಾಡಿ. ಯಾರೋ ಒಬ್ಬರು ಆಟೋ ಸ್ಕ್ಯಾನ್ ಒತ್ತಿ ಬಾಕ್ಸ್ 18 ವೋಲ್ಟ್ ಕಳಿಸಿದರೆ ಉಳಿದ ಮೂರೂ ಕೋಣೆಯಲ್ಲಿ ಚಿತ್ರ ಹೋಗುತ್ತದೆ.

ಹಣ ಕಟ್ಟುವ ಡಿಟಿಎಚ್‌ನಲ್ಲಿ ಎರಡನೇ ಟಿವಿಗೆ ಕಂಪನಿಯದೇ ಮಲ್ಟಿ ಟಿವಿ ಕನೆಕ್ಷನ್ ತೆಗೆದುಕೊಳ್ಳಬೇಕು. 2020ರಲ್ಲಿ ಟ್ರಾಯ್ ಹೆಚ್ಚುವರಿ ಟಿವಿಯ ನೆಟ್‌ವರ್ಕ್ ಶುಲ್ಕ ಮೊದಲ ಟಿವಿಯ ಶುಲ್ಕದ ಶೇ. 40 ಮೀರಬಾರದು ಎಂದಿತ್ತು. 2024ರ ಜುಲೈನಲ್ಲಿ ಆ ಮಿತಿಗಳನ್ನು ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟಿತು. ಆದ್ದರಿಂದ ಈಗ ಕೇಳಿ, ಹೋಲಿಸಿ, ಆಮೇಲೆ ಹೂಂ ಅನ್ನಿ. ಎರಡೂ ಟಿವಿಯಲ್ಲಿ ಒಂದೇ ಚಾನೆಲ್ ಸಾಕು ಎನ್ನುವವರಿಗೆ ಎಚ್‌ಡಿಎಂಐ ಸ್ಪ್ಲಿಟರ್ ಒಂದೇ ಸಾಕು, ಡಿಶ್ ಮುಟ್ಟುವುದೇ ಬೇಡ.

ಆಕಾಶ ಕಾಣಬೇಕು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ನಾಲ್ಕೂ ಊರಿನವರಿಗೆ ಜಿಸ್ಯಾಟ್-15 ಇರುವುದು ಆಗ್ನೇಯದಲ್ಲಿ. ಉತ್ತರದಿಂದ ಎಣಿಸಿದರೆ 131 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 57 ಡಿಗ್ರಿ. ಮೊಬೈಲ್‌ನ ದಿಕ್ಸೂಚಿಯಲ್ಲಿ 131 ನೋಡಿ ನಿಂತುಕೊಂಡರೆ ಎದುರಿಗೆ ಎಷ್ಟು ಎತ್ತರದ ಕಟ್ಟಡ ಅಡ್ಡ ಬಂದರೆ ಕಷ್ಟ ಎಂಬ ಅಂದಾಜು ಸಿಗುತ್ತದೆ. 57 ಡಿಗ್ರಿ ಎಂದರೆ ಒಳ್ಳೆಯ ಎತ್ತರ. ನಿಮ್ಮ ಡಿಶ್‌ನ ಮಟ್ಟಕ್ಕಿಂತ 30 ಮೀಟರ್ ಹೆಚ್ಚು ಎತ್ತರದ ಟವರ್ ಕೂಡ 20 ಮೀಟರ್ ಆಚೆ ಇದ್ದರೆ ಹೆಚ್ಚುಕಮ್ಮಿ ಅಡ್ಡ ಬಾರದು. ಘೋಡ್‌ಬಂದರ್ ರಸ್ತೆಯಲ್ಲೋ ಖಾರ್ಘರ್‌ನಲ್ಲೋ ಪಕ್ಕದಲ್ಲೇ ಮೂವತ್ತು ಮಾಳಿಗೆ ಏಳುತ್ತಿದ್ದರೆ ಮಾತ್ರ ಯೋಚಿಸಿ. ಡೊಂಬಿವಲಿಯಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ನಿಮ್ಮ ಆಗ್ನೇಯದ ಕಟ್ಟಡ ಆ ಸಾಲಿನಲ್ಲಿದೆಯೇ ವಿಚಾರಿಸಿ ಡಿಶ್‌ನ ಜಾಗ ಗೊತ್ತುಮಾಡಿ.

ಅಡ್ಡ ಇದೆಯೋ ಇಲ್ಲವೋ ತಿಳಿಯಲು ಉಪಕರಣವಿಲ್ಲದ ಒಂದು ಉಪಾಯವಿದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಎರಡನೇ ವಾರದ ಆಸುಪಾಸು ಮತ್ತು ಅಕ್ಟೋಬರ್ ಆರಂಭದಲ್ಲಿ, ಬೆಳಿಗ್ಗೆ ಸುಮಾರು 11 ಗಂಟೆಗೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಆ ಹೊತ್ತಿಗೆ ನೀವು ಡಿಶ್ ಇಡಬೇಕೆಂದಿರುವ ಮೂಲೆಗೆ ಬಿಸಿಲು ಬಿದ್ದರೆ ದಾರಿ ತೆರವಾಗಿದೆ. ನೆರಳು ಬಿದ್ದರೆ ಯಾವ ಬೂಸ್ಟರೂ ಕೆಲಸಕ್ಕೆ ಬಾರದು. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆಯುವುದೂ ಸೂರ್ಯನ ಗದ್ದಲದಿಂದಲೇ. ಆಗ ಡಿಶ್ ತಿರುಗಿಸಲು ಟೆರೇಸ್‌ಗೆ ಓಡಬೇಡಿ, ತಾನಾಗಿ ಸರಿಹೋಗುತ್ತದೆ.

ತಟ್ಟೆ ನೋಡಲು 57 ಡಿಗ್ರಿ ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ, ಇನ್ನೂ ನೆಟ್ಟಗೆ ನಿಂತಂತೆ ಕಾಣುತ್ತದೆ. ಎಲ್‌ಎನ್‌ಬಿ ಕೆಳಬದಿಯಲ್ಲಿರುವ ಈ ಬಗೆಯ ತಟ್ಟೆಗಳ ವಿನ್ಯಾಸವೇ ಹಾಗೆ. ಕಣ್ಣಂದಾಜಿಗಿಂತ ಬಾಕ್ಸ್‌ನ ಪರದೆಯಲ್ಲಿ ಕಾಣುವ ಕ್ವಾಲಿಟಿ ಗೆರೆಯನ್ನೇ ನಂಬಿ. ಎಲ್‌ಎನ್‌ಬಿಯನ್ನೂ ಅದರ ಹಿಡಿಯಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ನಮ್ಮ ಭಾಗಕ್ಕೆ ಅದರ ಓರೆ ಸುಮಾರು 45 ಡಿಗ್ರಿಯಷ್ಟು ಬೇಕಾಗುತ್ತದೆ. ತಂತ್ರಜ್ಞರು ತಟ್ಟೆ ಕೂಡಿಸಿ ಚಿತ್ರ ಬಂದ ಕೂಡಲೇ ಕೆಳಗಿಳಿಯುವುದುಂಟು, ಎಲ್‌ಎನ್‌ಬಿ ತಿರುಗಿಸಿ ನೋಡುವುದೇ ಇಲ್ಲ. ಒಂದು ಟಿವಿಗೆ ಅದು ನಡೆಯುತ್ತದೆ, ನಾಲ್ಕಕ್ಕೆ ಹಂಚುವಾಗ ನಡೆಯುವುದಿಲ್ಲ.

ಡೆಸಿಬೆಲ್ ಲೆಕ್ಕ

ಸಿಗ್ನಲ್ ನಷ್ಟವನ್ನು ಡೆಸಿಬೆಲ್‌ನಲ್ಲಿ ಎಣಿಸುತ್ತಾರೆ. ನೆನಪಿಡಬೇಕಾದದ್ದು ಎರಡೇ: 3 ಡೆಸಿಬೆಲ್ ಹೋದರೆ ಅರ್ಧ ಉಳಿಯಿತು, 10 ಹೋದರೆ ಹತ್ತನೇ ಒಂದು ಭಾಗ ಉಳಿಯಿತು. ಡೆಸಿಬೆಲ್‌ಗಳನ್ನು ಸುಮ್ಮನೆ ಕೂಡಿಸುತ್ತ ಹೋದರಾಯಿತು. ಡಿಶ್‌ನ ಆವರ್ತನದಲ್ಲಿ ಎರಡು ಕಿವಿಯ ಸ್ಪ್ಲಿಟರ್ ಸುಮಾರು 4ರಿಂದ 5 ಡೆಸಿಬೆಲ್ ನುಂಗುತ್ತದೆ, ನಾಲ್ಕು ಕಿವಿಯದು 8ರಿಂದ 9. ಒಳ್ಳೆಯ ಆರ್‌ಜಿ-6 ಕೇಬಲ್ ಹತ್ತು ಮೀಟರಿಗೆ ಸುಮಾರು 3.

ಐದನೇ ಮಾಳಿಗೆಯ ಟೆರೇಸ್‌ನಲ್ಲಿ ಡಿಶ್, ಎರಡನೇ ಮಾಳಿಗೆಯಲ್ಲಿ ಮನೆ ಎಂದುಕೊಳ್ಳೋಣ. ಟೆರೇಸ್ ಮೇಲಿನ ಓಡಾಟ, ಡಕ್ಟ್‌ನ ಇಳಿತ ಸೇರಿ ಮನೆಯ ಬಾಗಿಲಿಗೆ 25 ಮೀಟರ್ ಕೇಬಲ್: 7.5 ಡೆಸಿಬೆಲ್. ಬಾಗಿಲ ಬಳಿ ನಾಲ್ಕು ಕಿವಿಯ ಸ್ಪ್ಲಿಟರ್: 9. ಅಲ್ಲಿಂದ ಅತಿ ದೂರದ ಕೋಣೆಗೆ 10 ಮೀಟರ್: 3. ಕನೆಕ್ಟರ್‌ಗಳಿಗೆ 1. ಒಟ್ಟು 20.5. ಎಲ್‌ಎನ್‌ಬಿ ತಾನೇ 50ರಿಂದ 60 ಡೆಸಿಬೆಲ್ ಬಲ ಕೊಟ್ಟು ಕಳಿಸುವುದರಿಂದ ಇಷ್ಟು ನಷ್ಟವನ್ನು ಸಾಮಾನ್ಯ ಬಾಕ್ಸ್ ತಾಳಿಕೊಳ್ಳುತ್ತದೆ. 25 ದಾಟಿದರೆ ಎಚ್ಚರ, 30 ಮುಟ್ಟಿದರೆ ದಾರಿಯಲ್ಲಿ ಬೂಸ್ಟರ್ ಬೇಕು. ಏಳು ಮಾಳಿಗೆ ಮೀರಿದ ಕಟ್ಟಡದಲ್ಲಿ ಕೆಳಗಿನ ಮನೆಯವರು ಈ ಲೆಕ್ಕ ಹಾಕದೆ ಕೇಬಲ್ ಕೊಳ್ಳಬಾರದು.

ಬೂಸ್ಟರ್ ಎಲ್ಲಿ ಕೂರಬೇಕು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಟಿವಿಯ ಹಿಂದೆ ಪ್ಲಗ್ ಇದೆ, ಕೈಗೆ ಸಿಗುತ್ತದೆ ಎಂದು ಅಲ್ಲೇ ಇಡುತ್ತಾರೆ. ಅಷ್ಟು ಕೆಳಗೆ ಬರುವಷ್ಟರಲ್ಲಿ ಸಿಗ್ನಲ್ ಸೊರಗಿ ಗದ್ದಲದಲ್ಲಿ ಬೆರೆತಿರುತ್ತದೆ. ಬೂಸ್ಟರ್ ಎರಡನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ. ಪರದೆಯ ಸ್ಟ್ರೆಂತ್ ಗೆರೆ ಏರುತ್ತದೆ, ಕ್ವಾಲಿಟಿ ಅಲ್ಲೇ ನಿಲ್ಲುತ್ತದೆ, ಚಿತ್ರ ಮೊದಲಿನಂತೆಯೇ ಚೂರುಚೂರು. ಬಲ ಕೊಡುವುದಿದ್ದರೆ ನಷ್ಟ ಆಗುವ ಮೊದಲು, ಮೇಲೆಯೇ ಕೊಡಬೇಕು. ಡಿಶ್‌ನಲ್ಲಿ ಎಲ್‌ಎನ್‌ಬಿ ಈ ಕೆಲಸವನ್ನು ಟೆರೇಸ್‌ನಲ್ಲೇ ಮಾಡಿ ಮುಗಿಸಿರುತ್ತದೆ. ಸ್ಪ್ಲಿಟರ್ ಹಾಕಿದರೂ ಡಿಶ್ ಸಿಗ್ನಲ್ ಸುಲಭಕ್ಕೆ ಕೆಡದಿರುವುದು ಇದರಿಂದಲೇ. ಡಿವಿಬಿ-ಟಿ2ರ ಯಾಗಿ ಆಂಟೆನಾಕ್ಕೆ ಆ ಸೌಲಭ್ಯವಿಲ್ಲ. ಅದನ್ನು ಹಂಚುವುದಾದರೆ ಕಂಬದ ಮೇಲೇ, ಆಂಟೆನಾದ ಪಕ್ಕದಲ್ಲೇ ಬೂಸ್ಟರ್ ಇಟ್ಟು, ಕೆಳಗಿನಿಂದ ಕೇಬಲ್‌ನಲ್ಲೇ ಅದಕ್ಕೆ ವಿದ್ಯುತ್ ಕಳಿಸಬೇಕು. ಈ ಭಾಗದ ಟೆರೇಸ್‌ಗಳಲ್ಲಿ ಮೊಬೈಲ್ ಟವರ್‌ಗಳೂ ಇರುವುದರಿಂದ, ಮೊಬೈಲ್ ಆವರ್ತನ ತಡೆಯುವ ಫಿಲ್ಟರ್ ಇರುವ ಬೂಸ್ಟರನ್ನೇ ಕೇಳಬೇಕು. ಇಲ್ಲದಿದ್ದರೆ ಟವರ್‌ನ ಅಲೆಗೇ ಬೂಸ್ಟರ್ ಉಸಿರುಗಟ್ಟುತ್ತದೆ.

ಕ್ವಾಲಿಟಿಯೇ ಕಡಿಮೆ ಇದ್ದರೆ ಬೂಸ್ಟರ್ ಬಿಟ್ಟು ತಟ್ಟೆಯ ಗಾತ್ರ ನೋಡಿ. 60 ಸೆಂಟಿಮೀಟರಿನ ತಟ್ಟೆ ತೆಗೆದು 90ರದು ಹಾಕಿದರೆ ಅಲೆ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ, ಲೆಕ್ಕಕ್ಕೆ 3.5 ಡೆಸಿಬೆಲ್. ಬೂಸ್ಟರಿನಂತೆ ಗದ್ದಲ ಬೆರೆಸದ ಶುದ್ಧ ಲಾಭ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಮಳೆ ಬಾರಿಸುವಾಗ ಈ ಆವರ್ತನದ ಅಲೆಗಳನ್ನು ನೀರಹನಿಗಳು ಹೀರಿಬಿಡುತ್ತವೆ. ಆಗ ಚಿತ್ರ ನಿಲ್ಲುವುದೂ ಹೋಗುವುದೂ ಈ ಮೂರೂವರೆ ಡೆಸಿಬೆಲ್ ಮೇಲೆ. ಹಂಚಿಕೊಳ್ಳುವ ಮನೆಗಳಿಗೆ ನಾನು 90 ಸೆಂಟಿಮೀಟರನ್ನೇ ಹೇಳುತ್ತೇನೆ. ನಾಲ್ಕು ಜನ ಖರ್ಚು ಹಂಚಿಕೊಂಡರೆ ಭಾರವೇನಲ್ಲ.

ಕೇಬಲ್, ಕನೆಕ್ಟರ್

ಸ್ಪ್ಲಿಟರ್‌ನಿಂದ ಪ್ರತಿ ಟಿವಿಗೂ ಬೇರೆ ಬೇರೆ ಕೇಬಲ್ ಹೋಗಬೇಕು. ಹಾಲ್‌ನ ಟಿವಿಯಿಂದ ಬೆಡ್‌ರೂಮಿಗೆ, ಬೆಡ್‌ರೂಮಿನಿಂದ ಅಡುಗೆಮನೆಗೆ ಎಂದು ಸರಪಣಿ ಹಾಕಿದರೆ ಕೊನೆಯ ಟಿವಿಗೆ ಉಳಿಯುವುದು ಏನೂ ಇಲ್ಲ. ಖಾಲಿ ಬಿಟ್ಟ ಕಿವಿಗೆ 75 ಓಮ್‌ನ ಟರ್ಮಿನೇಟರ್ ಮುಚ್ಚಳ ಹಾಕಿ. ಡಿಶ್‌ಗೆ ಡಿಸಿ ತಡೆಯುವಂಥದನ್ನೇ ಕೇಳಿ. ತೆರೆದ ಕಿವಿಯಿಂದ ಸಿಗ್ನಲ್ ತಿರುಗಿ ಬಂದು ಉಳಿದವರ ಚಿತ್ರ ಕೆಡಿಸುತ್ತದೆ.

ಕೇಬಲ್ ಆರ್‌ಜಿ-6 ಇರಲಿ. ಹಳೇ ಕೇಬಲ್‌ವಾಲಾ ಬಿಟ್ಟುಹೋದ ತೆಳು ಆರ್‌ಜಿ-59 ಗೋಡೆಯಲ್ಲೇ ಇದೆ, ಅದನ್ನೇ ಬಳಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಕೇಬಲ್‌ನ ನಡುತಂತಿಗೆ ಅದು ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ ಮಾತ್ರ. ಸಿಗ್ನಲ್‌ಗೆ ಅದರಿಂದ ತೊಂದರೆ ಇಲ್ಲ, ಆದರೆ ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ತಿಗೆ ಉದ್ದದ ಓಟದಲ್ಲಿ ಸವೆತ ಹೆಚ್ಚು. 40 ಮೀಟರ್ ದಾಟುವವರು ಗಟ್ಟಿ ತಾಮ್ರದ್ದನ್ನೇ ತೆಗೆದುಕೊಳ್ಳಿ. ಗ್ರ್ಯಾಂಟ್ ರೋಡ್ ಪಕ್ಕದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಎರಡೂ ಬಗೆ ಸಿಗುತ್ತದೆ, ಕೇಳಿದರೆ ತೋರಿಸುತ್ತಾರೆ.

ಈಗ ಎಫ್ ಕನೆಕ್ಟರ್. ಇಡೀ ಕೆಲಸದಲ್ಲಿ ಅತಿ ಅಗ್ಗದ ವಸ್ತು, ಅತಿ ಹೆಚ್ಚು ತೊಂದರೆ ಕೊಡುವ ವಸ್ತು. ಕೇಬಲ್‌ನ ಹೊರಸಿಪ್ಪೆಯನ್ನು ಸುಮಾರು ಒಂದೂಕಾಲು ಸೆಂಟಿಮೀಟರ್ ಸುಲಿದರೆ ಬಲೆಯಂಥ ಜಾಲರಿ ಕಾಣುತ್ತದೆ. ಅದನ್ನು ಹರಿಯದೆ ಸಿಪ್ಪೆಯ ಮೇಲೆ ಹಿಂದಕ್ಕೆ ಮಡಿಸಬೇಕು. ಆಮೇಲೆ ಒಳಗಿನ ಬಿಳಿ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸುತ್ತಲೂ ಕೊರೆದು ತೆಗೆಯಬೇಕು, ನಡುತಂತಿಗೆ ಗೀರು ಬೀಳಬಾರದು. ಕನೆಕ್ಟರನ್ನು ಒತ್ತಿ ತಿರುಗಿಸುತ್ತ ಏರಿಸಿದಾಗ ಬಿಳಿ ಪ್ಲಾಸ್ಟಿಕ್ ಒಳಗಿನ ಅಂಚಿಗೆ ಸಮನಾಗಿ ಬಂದು ನಿಲ್ಲಬೇಕು, ತಂತಿ ಮುಂಭಾಗದಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಇಣುಕಬೇಕು. ಬೆಳಕಿಗೆ ಹಿಡಿದು ಒಳಗೆ ನೋಡಿ: ಜಾಲರಿಯ ಕೂದಲಿನಂಥ ಒಂದು ಎಳೆ ನಡುತಂತಿಗೆ ತಾಗಿದ್ದರೂ ಸಾಕು, 13 ವೋಲ್ಟ್ ಶಾರ್ಟ್ ಆಗಿ ಎಲ್ಲ ಟಿವಿಯಲ್ಲೂ ನೋ ಸಿಗ್ನಲ್ ಬರುತ್ತದೆ, ಬಾಕ್ಸೇ ಸುಟ್ಟುಹೋಗುವ ಸಂಭವವೂ ಇದೆ. ಕನೆಕ್ಟರ್ ಮುಟ್ಟುವಾಗ, ಸ್ಪ್ಲಿಟರ್ ಬಿಚ್ಚುವಾಗ ಎಲ್ಲ ಬಾಕ್ಸ್‌ಗಳ ಪ್ಲಗ್ ಕಿತ್ತಿರಬೇಕು ಎನ್ನುವುದು ಇದಕ್ಕಾಗಿ. ಹಲವು ಬಾಕ್ಸ್‌ಗಳ ಲೀಕೇಜ್ ಒಂದೇ ಕೇಬಲ್‌ನಲ್ಲಿ ಸೇರುವುದರಿಂದ ಬೆರಳಿಗೆ ಚುರುಕ್ ಎನ್ನುವುದೂ ಉಂಟು. ಟೆರೇಸ್‌ನ ಕಟ್ಟೆಯ ಮೇಲೆ ನಿಂತವನಿಗೆ ಅಷ್ಟು ಬೆಚ್ಚಿದರೂ ಅಪಾಯ.

ಮಳೆ ನೀರು ಕೇಬಲ್ ಹಿಡಿದು ಮನೆಯೊಳಗೆ ಇಳಿಯದಂತೆ, ಎಲ್‌ಎನ್‌ಬಿಯ ಕೆಳಗೂ ಗೋಡೆಯ ತೂತಿನ ಹೊರಗೂ ಕೇಬಲನ್ನು ಸ್ವಲ್ಪ ಜೋತುಬಿಟ್ಟು ಮೇಲಕ್ಕೆ ತಿರುಗಿಸಿ. ಹೊರಗಿನ ಜಾಯಿಂಟ್‌ಗಳಿಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಮಾಮೂಲಿ ಕಪ್ಪು ಟೇಪ್ ಏಪ್ರಿಲ್‌ನ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಐರೋಲಿ, ವಾಶಿ, ಕೋಪರಿಯ ಖಾಡಿ ಬದಿಯಲ್ಲಿ ಉಪ್ಪುಗಾಳಿ, ಡೊಂಬಿವಲಿ ಎಂಐಡಿಸಿ ಮತ್ತು ಥಾಣೆ-ಬೇಲಾಪುರ ರಸ್ತೆ ಬದಿಯಲ್ಲಿ ಕಾರ್ಖಾನೆಗಳ ಗಾಳಿ. ಎರಡೂ ಲೋಹಕ್ಕೆ ಆಗದವು. ಕನೆಕ್ಟರ್ ಒಳಗೆ ಹಸಿರು ಪುಡಿ ಕಂಡರೆ ಒರೆಸಿ ಹಾಕಬೇಡಿ, ಕತ್ತರಿಸಿ ಹೊಸದು ಹಾಕಿ. ಈ ಭಾಗದವರು ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಒಮ್ಮೆ, ಟೆರೇಸ್‌ಗೆ ಹೋಗಿ ನೋಡಲೇಬೇಕು.

ಸೊಸೈಟಿ, ಸಿಡಿಲು, ನೆರೆಹೊರೆ

ಟೆರೇಸ್ ಸೊಸೈಟಿಯದು, ಮೇಲಿನ ಮಾಳಿಗೆಯವರದೂ ಅಲ್ಲ, ಮೊದಲು ಡಿಶ್ ಹಾಕಿದವರದೂ ಅಲ್ಲ. ಸೆಕ್ರೆಟರಿಗೆ ಒಂದು ಅರ್ಜಿ ಬರೆದುಕೊಟ್ಟು ಒಪ್ಪಿಗೆಯನ್ನು ಕಾಗದದಲ್ಲಿ ತೆಗೆದುಕೊಳ್ಳಿ. ವಾಟರ್‌ಪ್ರೂಫಿಂಗ್ ಮಾಡಿದ ನೆಲಕ್ಕೆ ಬೋಲ್ಟ್ ಕೊರೆದರೆ ಕೆಳಗಿನ ಮನೆಯ ಸೀಲಿಂಗ್ ಸೋರುತ್ತದೆ, ಜಗಳ ನಿಮ್ಮ ತಲೆಗೆ ಬರುತ್ತದೆ. ಲಿಫ್ಟ್ ರೂಮಿನ ಗೋಡೆಗೆ ಬ್ರ್ಯಾಕೆಟ್ ಹಾಕಿಸಿ, ಅಥವಾ ಕಾಂಕ್ರೀಟ್ ಬ್ಲಾಕ್‌ಗಳ ಭಾರದ ಮೇಲೆ ಸ್ಟ್ಯಾಂಡ್ ಕೂರಿಸಿ. ಒಂದು ವಿಂಗ್‌ಗೆ ಒಂದೇ ಡಿಶ್ ಎಂದು ಕಮಿಟಿಗೆ ಹೇಳಿದರೆ ಬೇಡ ಎನ್ನುವುದು ಕಡಿಮೆ. ಟೆರೇಸ್‌ನಲ್ಲಿ ಡಿಶ್‌ಗಳ ಕಾಡು ಕಡಿಮೆಯಾಗಲಿ ಎಂದು ಅವರಿಗೂ ಅನ್ನಿಸಿರುತ್ತದೆ.

ಅದೇ ವಿಂಗ್‌ನ ಮೂರು ನಾಲ್ಕು ಮನೆ ಸೇರಿ ಖರ್ಚು ಹಂಚಿಕೊಂಡು ಫ್ರೀ ಡಿಶ್ ಹಾಕಿಸಿಕೊಳ್ಳುವುದು ಚೆನ್ನ. ಆದರೆ ಒಬ್ಬರು ಡಿಶ್ ಇಟ್ಟು ಉಳಿದವರಿಂದ ತಿಂಗಳಿಗಿಷ್ಟು ಎಂದು ಎತ್ತಲು ಹೊರಟರೆ ಅದು ಕೇಬಲ್ ವ್ಯಾಪಾರವಾಗುತ್ತದೆ, 1995ರ ಕೇಬಲ್ ಟಿವಿ ಕಾಯ್ದೆಯಡಿ ನೋಂದಣಿಯ ಮಾತು ಬರುತ್ತದೆ. ಹಣ ಕಟ್ಟುವ ಡಿಟಿಎಚ್ ಕಾರ್ಡಿನ ಚಿತ್ರವನ್ನು ಗೋಡೆಯಾಚೆಗೆ ಕೊಡುವುದಂತೂ ಬೇಡವೇ ಬೇಡ. ಮನೆಗಳ ನಡುವೆ ಹಂಚುವಾಗ ಸ್ಪ್ಲಿಟರನ್ನು ಯಾರ ಮನೆಯೊಳಗೂ ಇಡಬೇಡಿ. ಡಕ್ಟ್‌ನಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ಎಲ್‌ಎನ್‌ಬಿಗೆ ಯಾರದೋ ಮನೆಯ ಬಾಕ್ಸ್ ವಿದ್ಯುತ್ ಕೊಡಲಿ ಎಂದು ಕಾಯುವ ಬದಲು, ಅಲ್ಲೇ ಪವರ್ ಇನ್ಸರ್ಟರ್ ಹಾಕಿ 13 ವೋಲ್ಟ್ ಕೊಡಿಸಿದರೆ ಇನ್ನೂ ಮೇಲು. ಬೀಗದ ಕೈ ಎರಡು ಮನೆಯಲ್ಲಿರಲಿ, ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರಿರುತ್ತಾರೆ.

ಮೇ ಕೊನೆಯ, ಜೂನ್ ಮೊದಲ ವಾರದ ಮತ್ತು ಅಕ್ಟೋಬರ್‌ನ ಸಿಡಿಲುಮಳೆ ಈ ಭಾಗದ ಡಿಶ್‌ಗಳಿಗೆ ದೊಡ್ಡ ಗಂಡಾಂತರ. ಒಂದೇ ಆಂಟೆನಾಕ್ಕೆ ನಾಲ್ಕು ಟಿವಿ ಕಟ್ಟಿದಾಗ ಮೇಲಿಂದ ಇಳಿದ ಆಘಾತ ನಾಲ್ಕಕ್ಕೂ ತಗಲುತ್ತದೆ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಕಟ್ಟಡದ ಅರ್ಥಿಂಗ್‌ಗೆ ಜೋಡಿಸಿ, ಕೇಬಲ್ ಮನೆಯೊಳಗೆ ಬರುವ ಮೊದಲು ಅದರ ಜಾಲರಿಯನ್ನೂ ಗ್ರೌಂಡ್ ಬ್ಲಾಕ್ ಮೂಲಕ ಅದೇ ಅರ್ಥಿಂಗ್‌ಗೆ ಸೇರಿಸಿ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು. ಡಿಶ್ ಕಂಬ ಬಿದ್ದರೂ ಮುಟ್ಟಲಾಗದಷ್ಟು ದೂರದಲ್ಲಿ ಕರೆಂಟಿನ ತಂತಿಗಳಿರಬೇಕು. ಕಲ್ಯಾಣ-ಡೊಂಬಿವಲಿಯ ಹಳೇ ಓಣಿಗಳಲ್ಲಿ ಬಾಲ್ಕನಿಯ ಪಕ್ಕದಲ್ಲೇ ತಂತಿ ಹಾದುಹೋಗುವ ಜಾಗಗಳಿವೆ, ಅಲ್ಲಿ ಬಾಲ್ಕನಿಗೆ ಡಿಶ್ ಹಾಕುವ ಯೋಚನೆ ಬೇಡ. ಗುಡುಗು ಕೇಳಿದಾಗ ಪ್ಲಗ್‌ನ ಜೊತೆಗೆ ಆಂಟೆನಾ ಪಿನ್ನೂ ಕೀಳುವ ಅಭ್ಯಾಸ ಮಾಡಿ. ಗುಡುಗು ಹತ್ತಿರ ಬಂದ ಮೇಲೆ ಅಲ್ಲ, ದೂರದಲ್ಲಿರುವಾಗಲೇ.

ಕೆಲಸ ಮುಗಿಯಿತೆಂದು ತಂತ್ರಜ್ಞ ಕೈಯೊಡ್ಡಿದಾಗ ಅವಸರ ಬೇಡ. ಎಲ್ಲ ಟಿವಿಗಳನ್ನೂ ಒಟ್ಟಿಗೆ ಹಚ್ಚಿ, ಬೇರೆ ಬೇರೆ ಚಾನೆಲ್ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಒಂದೊಂದೇ ಬಾಕ್ಸ್‌ನ ಸ್ವಿಚ್ ಆರಿಸಿ, ಉಳಿದವು ನಡೆಯುತ್ತಿವೆಯೇ ನೋಡಿ. ಅತಿ ದೂರದ ಕೋಣೆಯ ಕ್ವಾಲಿಟಿ ಸಂಖ್ಯೆ ಸ್ಪ್ಲಿಟರ್ ಹಾಕುವ ಮೊದಲಿನ ಸಂಖ್ಯೆಗೆ ಹತ್ತಿರವೇ ಇರಬೇಕು; ಸ್ಟ್ರೆಂತ್ ಸ್ವಲ್ಪ ಇಳಿದಿದ್ದರೆ ಚಿಂತೆ ಇಲ್ಲ. ಆ ಸಂಖ್ಯೆಗಳನ್ನು ತಾರೀಖಿನ ಸಮೇತ ಕಾಗದದಲ್ಲಿ ಬರೆದು ಡಕ್ಟ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಪ್ರತಿ ಕೇಬಲ್‌ಗೂ ಯಾವ ಕೋಣೆಯದು ಎಂಬ ಚೀಟಿ ಕಟ್ಟಿಸಿ, ಆಮೇಲೆ ದುಡ್ಡು ಕೊಡಿ.